ಮಕ್ಕಳ ಪಾಲನೆ, ರಕ್ಷಣೆ ಕ್ಷೇತ್ರದಲ್ಲಿ ಪದವೀಧರರ ವೃತ್ತಿಹಾದಿ: ಪರೀಕ್ಷೆಗೆ ಬೇಕಾದ ಮುಖ್ಯಾಂಶಗಳು

ಸಮಾಜಕಾರ್ಯ, ಮನೋವಿಜ್ಞಾನ, ಗೃಹವಿಜ್ಞಾನ, ಕಾನೂನು, ಸಮಾಜಶಾಸ್ತ್ರ. ಈ ಪದವಿಗಳಲ್ಲಿ ಯಾವುದನ್ನು ಓದಿದವರಿಗೂ ಮಕ್ಕಳ ರಕ್ಷಣಾ ಕ್ಷೇತ್ರದ ಬಾಗಿಲು ತೆರೆದಿದೆ. ಕೆಪಿಎಸ್‌ಸಿ ಬರೆಯುವವರು, ಯುಜಿಸಿ-ನೆಟ್‌ಗೆ ಸಮಾಜಕಾರ್ಯ ಆರಿಸಿಕೊಂಡವರು, ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಸಂದರ್ಶನಕ್ಕೆ ಹೊರಟವರು, ಎಲ್ಲರೂ ಓದಬೇಕಾದ ಕಾನೂನು ಮತ್ತು ಯೋಜನೆಗಳು ಹೆಚ್ಚುಕಡಿಮೆ ಒಂದೇ. ಹುದ್ದೆಗಳ ಹೆಸರನ್ನಷ್ಟೇ ಬಾಯಿಪಾಠ ಮಾಡಿದರೆ ಅವು ಒಂದರೊಳಗೊಂದು ಕಲಸಿಹೋಗುತ್ತವೆ. ಯಾವ ಹುದ್ದೆ ಯಾವ ಕಾಯ್ದೆಯಿಂದ ಹುಟ್ಟಿತು, ಅಲ್ಲಿ ಕೂತವರು ದಿನವೂ ಏನು ಮಾಡುತ್ತಾರೆ, ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬಹುದು ಎಂಬುದು ತಿಳಿದರೆ ಉಳಿದದ್ದು ತಾನಾಗಿಯೇ ನೆನಪಿನಲ್ಲಿ ನಿಲ್ಲುತ್ತದೆ.

ಅಡಿಪಾಯದ ದಿನಾಂಕಗಳು, ವಿಧಿಗಳು

• ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಅಂಗೀಕಾರವಾದದ್ದು 1989ರ ನವೆಂಬರ್ 20. ಜಾರಿಗೆ ಬಂದದ್ದು 1990ರ ಸೆಪ್ಟೆಂಬರ್ 2. ಭಾರತ ಅದನ್ನು ಒಪ್ಪಿದ್ದು 1992ರ ಡಿಸೆಂಬರ್ 11. ಒಟ್ಟು 54 ವಿಧಿಗಳು. 18 ವರ್ಷದೊಳಗಿನವರೆಲ್ಲ ಮಕ್ಕಳು.

• ಸಂವಿಧಾನದಲ್ಲಿ 15(3), 21ಎ, 24, 39(ಇ), 39(ಎಫ್), 45, 51ಎ(ಕೆ) ವಿಧಿಗಳನ್ನು ಒಟ್ಟಿಗೆ ಓದಿ. 2002ರ 86ನೇ ತಿದ್ದುಪಡಿ 21ಎ ಮತ್ತು 51ಎ(ಕೆ) ವಿಧಿಗಳನ್ನು ಸೇರಿಸಿತು, 45ನೇ ವಿಧಿಯನ್ನು ಬದಲಿಸಿತು. ಈಗ 45ನೇ ವಿಧಿ ಆರು ವರ್ಷ ತುಂಬುವವರೆಗಿನ ಮಕ್ಕಳ ಆರಂಭಿಕ ಪಾಲನೆ ಮತ್ತು ಶಿಕ್ಷಣದ ಬಗ್ಗೆ ಹೇಳುತ್ತದೆ.

• ಬಾಲನ್ಯಾಯ ಕಾಯ್ದೆಗಳು ಮೂರು: 1986, 2000, 2015. ಈಗಿರುವ 2015ರ ಕಾಯ್ದೆ ಜಾರಿಗೆ ಬಂದದ್ದು 2016ರ ಜನವರಿ 15. ಮಾದರಿ ನಿಯಮಗಳು 2016ರವು. 2021ರ ತಿದ್ದುಪಡಿ 2022ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ದತ್ತು ಆದೇಶ ನೀಡುವ ಅಧಿಕಾರ ನ್ಯಾಯಾಲಯದಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಬಂದದ್ದು ಈ ತಿದ್ದುಪಡಿಯಿಂದ. ಪರೀಕ್ಷೆಯಲ್ಲಿ ಹಳೆಯ ಉತ್ತರ ಬರೆದು ಅಂಕ ಕಳೆದುಕೊಳ್ಳಬೇಡಿ.

• ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ 2012ರದು, ಜಾರಿಯಾದದ್ದು ಆ ವರ್ಷದ ಮಕ್ಕಳ ದಿನಾಚರಣೆಯಂದೇ, ನವೆಂಬರ್ 14. ತಿದ್ದುಪಡಿ 2019, ಹೊಸ ನಿಯಮಗಳು 2020.

• ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಗಳ ಕಾಯ್ದೆ 2005ರದು. ರಾಷ್ಟ್ರೀಯ ಆಯೋಗ 2007ರಲ್ಲಿ, ಕರ್ನಾಟಕ ರಾಜ್ಯ ಆಯೋಗ 2009ರಲ್ಲಿ ರಚನೆಯಾದವು.

• ಬಾಲ್ಯವಿವಾಹ ನಿಷೇಧ ಕಾಯ್ದೆ 2006ರದು. ಕೇಂದ್ರದ ಕಾಯ್ದೆಯಲ್ಲಿ ಬಾಲ್ಯವಿವಾಹವನ್ನು ರದ್ದುಪಡಿಸಲು ಸಾಮಾನ್ಯವಾಗಿ ಅರ್ಜಿ ಹಾಕಬೇಕು. ಕರ್ನಾಟಕದ ತಿದ್ದುಪಡಿಯಂತೆ ಇಲ್ಲಿ ಅಂಥ ಮದುವೆ ಆರಂಭದಿಂದಲೇ ಅಸಿಂಧು. ಶಿಶು ಅಭಿವೃದ್ಧಿ ಯೋಜನಾಧಿಕಾರಿ ತಮ್ಮ ವ್ಯಾಪ್ತಿಯಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಯೂ ಹೌದು ಎಂಬುದನ್ನು ಇದರ ಜೊತೆಗೇ ನೆನಪಿಡಿ.

ಹಾದಿ ಒಂದು: ಅಂಗನವಾಡಿಯಿಂದ ಯೋಜನಾಧಿಕಾರಿವರೆಗೆ

ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಬ್ಲಾಕುಗಳಲ್ಲಿ ಶುರುವಾಯಿತು. ಕರ್ನಾಟಕದಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರಕ್ಕೆ. ಪೂರಕ ಪೌಷ್ಟಿಕ ಆಹಾರ, ಶಾಲಾಪೂರ್ವ ಶಿಕ್ಷಣ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ, ಲಸಿಕೆ, ಆರೋಗ್ಯ ತಪಾಸಣೆ, ಮೇಲಿನ ಆಸ್ಪತ್ರೆಗೆ ಶಿಫಾರಸು, ಇವು ಆರು ಸೇವೆಗಳು. ಈಗ ಇದು ‘ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0’ ಯೋಜನೆಯೊಳಗೆ ಸೇರಿದೆ. 2023ರ ಮೇ 10ರಂದು ಆರಂಭವಾದ ‘ಪೋಷಣ್ ಭಿ ಪಢಾಯಿ ಭಿ’ ಕಾರ್ಯಕ್ರಮ ಅಂಗನವಾಡಿಯ ಕಲಿಕೆಯ ಭಾಗಕ್ಕೆ ಒತ್ತು ಕೊಟ್ಟಿದೆ.

ಹುದ್ದೆಗಳ ಸಾಲು ಹೀಗಿದೆ: ಸಹಾಯಕಿ, ಕಾರ್ಯಕರ್ತೆ, ಮೇಲ್ವಿಚಾರಕಿ, ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಜಿಲ್ಲೆಗೆ ಉಪನಿರ್ದೇಶಕರು. ಪದವೀಧರರು ಸಾಮಾನ್ಯವಾಗಿ ಮೇಲ್ವಿಚಾರಕಿ ಅಥವಾ ಯೋಜನಾಧಿಕಾರಿ ಹುದ್ದೆಯತ್ತ ನೋಡುತ್ತಾರೆ. ಆದರೆ ಪದವಿ ಮುಗಿಸಿ ಅಂಗನವಾಡಿ ಕಾರ್ಯಕರ್ತೆಯರಾಗಿ ದುಡಿಯುತ್ತಿರುವವರೂ ಹಳ್ಳಿಹಳ್ಳಿಯಲ್ಲಿದ್ದಾರೆ. ಅವರಿಗೆ ಗೊತ್ತಿರಬೇಕಾದ ಅಂಶವೊಂದಿದೆ. ಪೋಷಣ್ 2.0 ಮಾರ್ಗಸೂಚಿಯಂತೆ ಮೇಲ್ವಿಚಾರಕಿ ಹುದ್ದೆಗಳಲ್ಲಿ ಶೇ 50ರಷ್ಟನ್ನು 5 ವರ್ಷ ಅನುಭವವಿರುವ ಕಾರ್ಯಕರ್ತೆಯರಿಗೆ ಬಡ್ತಿ ಕೊಟ್ಟು ತುಂಬಬೇಕು. ಸಹಾಯಕಿಯರಿಂದ ಕಾರ್ಯಕರ್ತೆಯರ ಹುದ್ದೆಗೂ ಇದೇ ಲೆಕ್ಕ. ಗೌರವಧನದ ಹುದ್ದೆ ಎಂದು ಮೂಗು ಮುರಿಯುವ ಮೊದಲು ಇದನ್ನು ಓದಿಕೊಳ್ಳಿ. 2022ರ ಏಪ್ರಿಲ್‌ನಲ್ಲಿ ಮಣಿಬೆನ್ ಮಗನ್‌ಭಾಯ್ ಭಾರಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅಂಗನವಾಡಿ ಕಾರ್ಯಕರ್ತೆಯರಿಗೂ ಸಹಾಯಕಿಯರಿಗೂ ಗ್ರಾಚ್ಯುಟಿ ಸಲ್ಲಬೇಕು ಎಂದು ತೀರ್ಪಿತ್ತಿತು. ಇದು ಪ್ರಚಲಿತ ವಿದ್ಯಮಾನದಲ್ಲೂ ಕಾರ್ಮಿಕ ಕಾನೂನಿನಲ್ಲೂ ಕೇಳಬಹುದಾದ ಪ್ರಶ್ನೆ.

ಗ್ರಾಮ ಪಂಚಾಯಿತಿಗಳಲ್ಲಿ ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಕರ್ನಾಟಕ ತೆರೆದಿರುವ ಶಿಶುಪಾಲನಾ ಕೇಂದ್ರದ ಹೆಸರು ‘ಕೂಸಿನ ಮನೆ’. 2023–24ರ ಬಜೆಟ್ಟಿನ ಘೋಷಣೆ.

ಹಾದಿ ಎರಡು: ಮಿಷನ್ ವಾತ್ಸಲ್ಯ ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕ

ಎಂಎಸ್‌ಡಬ್ಲ್ಯು ಮುಗಿಸಿದವರು ಅತಿ ಹೆಚ್ಚು ಅರ್ಜಿ ಹಾಕುವ ಹಾದಿ ಇದು. ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ.

2009–10ರಲ್ಲಿ ಸಮಗ್ರ ಮಕ್ಕಳ ರಕ್ಷಣಾ ಯೋಜನೆ ಬಂತು. ಮುಂದೆ ಅದಕ್ಕೆ ಮಕ್ಕಳ ರಕ್ಷಣಾ ಸೇವೆಗಳು ಎಂದು ಹೆಸರಾಯಿತು. 2021–22ರಿಂದ ಅದೇ ಮಿಷನ್ ವಾತ್ಸಲ್ಯ. ವಿವರವಾದ ಮಾರ್ಗಸೂಚಿ ಹೊರಬಂದದ್ದು 2022ರ ಜುಲೈನಲ್ಲಿ. ಖರ್ಚಿನ ಪಾಲು ಕೇಂದ್ರ–ರಾಜ್ಯಗಳ ನಡುವೆ 60:40. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10.

ಬಾಲನ್ಯಾಯ ಕಾಯ್ದೆಯ 106ನೇ ಪ್ರಕರಣ ರಾಜ್ಯಕ್ಕೊಂದು ಮಕ್ಕಳ ರಕ್ಷಣಾ ಸೊಸೈಟಿ, ಜಿಲ್ಲೆಗೊಂದು ಮಕ್ಕಳ ರಕ್ಷಣಾ ಘಟಕ ಇರಬೇಕೆನ್ನುತ್ತದೆ. ಜಿಲ್ಲಾ ಘಟಕದ ಹುದ್ದೆಗಳಿಗೆ ಮಿಷನ್ ವಾತ್ಸಲ್ಯ ಮಾರ್ಗಸೂಚಿ ಗೊತ್ತುಪಡಿಸಿದ ಮಾಸಿಕ ಸಂಭಾವನೆ ಇದು:

ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿ: ₹44,023
ರಕ್ಷಣಾಧಿಕಾರಿ (ಸಾಂಸ್ಥಿಕ ಮತ್ತು ಅಸಾಂಸ್ಥಿಕ ವಿಭಾಗಕ್ಕೆ ಪ್ರತ್ಯೇಕ): ₹27,804
ಕಾನೂನು ಮತ್ತು ಪರಿವೀಕ್ಷಣಾಧಿಕಾರಿ: ₹27,804
ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರು: ₹18,536
ಕ್ಷೇತ್ರ ಕಾರ್ಯಕರ್ತರು: ₹10,592

ಬಹುತೇಕ ಹುದ್ದೆಗಳು ಗುತ್ತಿಗೆಯವು. ಎರಡು ವರ್ಷ ಸ್ನಾತಕೋತ್ತರ ಪದವಿ ಓದಿ, ಕ್ಷೇತ್ರಕಾರ್ಯಕ್ಕೆ ಅಲೆದು, ಸಂಶೋಧನಾ ಪ್ರಬಂಧ ಬರೆದು ಬಂದವರಿಗೆ ತಿಂಗಳಿಗೆ 18,536 ರೂಪಾಯಿ. ಬೆಂಗಳೂರು ಇರಲಿ, ಜಿಲ್ಲಾ ಕೇಂದ್ರದಲ್ಲಿ ಬಾಡಿಗೆ ಕಟ್ಟಿ ಸಂಸಾರ ತೂಗಿಸುವುದಕ್ಕೂ ಇದು ಸಾಲದು. ಒಳ್ಳೆಯ ಆಪ್ತಸಮಾಲೋಚಕರು ವರ್ಷ ಎರಡು ವರ್ಷಕ್ಕೇ ಖಾಸಗಿ ಶಾಲೆಗೋ ಕಂಪನಿಯೊಂದರ ಮಾನವ ಸಂಪನ್ಮೂಲ ವಿಭಾಗಕ್ಕೋ ಹೊರಟುಹೋಗುವುದಕ್ಕೆ ಕಾರಣ ಹುಡುಕಬೇಕಿಲ್ಲ. ತಾಯಿ ತಂದೆಯಿಂದ ಒಮ್ಮೆ ದೂರವಾದ ಮಗು, ಕಷ್ಟಪಟ್ಟು ನಂಬಲು ಶುರುಮಾಡಿದ ಅಕ್ಕನನ್ನೋ ಅಣ್ಣನನ್ನೋ ಆಗ ಮತ್ತೆ ಕಳೆದುಕೊಳ್ಳುತ್ತದೆ. ವೃತ್ತಿಹಾದಿಯ ಪ್ರಶ್ನೆಯನ್ನು ಮಕ್ಕಳ ಹಿತದ ಪ್ರಶ್ನೆಯೆಂದೇ ನೋಡಬೇಕಾದದ್ದು ಇದಕ್ಕಾಗಿ. ವಿಶ್ಲೇಷಣಾತ್ಮಕ ಉತ್ತರ ಬರೆಯುವಾಗ ಈ ಮಾತನ್ನು ಬಿಡಬೇಡಿ.

ಪರಿವೀಕ್ಷಣಾಧಿಕಾರಿಯ ಕೆಲಸವನ್ನು ಹತ್ತಿರದಿಂದ ನೋಡಿ. ಹದಿನಾರರ ಹುಡುಗನೊಬ್ಬ ಮೊಬೈಲ್ ಕದ್ದನೆಂಬ ಆರೋಪದಲ್ಲಿ ಬಾಲನ್ಯಾಯ ಮಂಡಳಿಯ ಮುಂದೆ ಬರುತ್ತಾನೆ ಎಂದುಕೊಳ್ಳಿ. ಮಂಡಳಿ 15 ದಿನಗಳೊಳಗೆ ಸಾಮಾಜಿಕ ತನಿಖಾ ವರದಿ ಕೇಳುತ್ತದೆ. ಮಾದರಿ ನಿಯಮಗಳ 6ನೇ ನಮೂನೆ ಹಿಡಿದು ಅಧಿಕಾರಿ ಹುಡುಗನ ಮನೆಗೆ ಹೋಗುತ್ತಾರೆ. ಮನೆಯಲ್ಲಿ ಯಾರ್ಯಾರಿದ್ದಾರೆ, ಅವರ ನಡುವೆ ಸಂಬಂಧ ಹೇಗಿದೆ, ಶಾಲೆ ಬಿಟ್ಟದ್ದು ಯಾವ ತರಗತಿಯಲ್ಲಿ, ಯಾಕೆ, ದುಡಿಯುತ್ತಿದ್ದರೆ ಆ ದುಡ್ಡು ಎಲ್ಲಿಗೆ ಹೋಗುತ್ತಿತ್ತು, ಗೆಳೆಯರು ಅವನ ವಯಸ್ಸಿನವರೋ ದೊಡ್ಡವರೋ, ಯಾರಾದರೂ ಅವನನ್ನು ಹಿಂಸಿಸಿದ್ದಾರೋ, ಎಲ್ಲವನ್ನೂ ಕೇಳಬೇಕು. ಅಪ್ಪ ಮಾತೇ ಆಡದೆ ಬಾಗಿಲಲ್ಲಿ ನಿಲ್ಲಬಹುದು, ನೆರೆಯವರು ಬೇಕಾದ್ದಕ್ಕಿಂತ ಹೆಚ್ಚು ಮಾತಾಡಬಹುದು, ಶಾಲೆಯ ದಾಖಲೆಯಲ್ಲಿ ಬೇರೆಯೇ ಜನ್ಮದಿನಾಂಕ ಇರಬಹುದು. ಇದನ್ನೆಲ್ಲ ತೂಗಿ ಬರೆದ ವರದಿಯ ಮೇಲೆ, ಹುಡುಗ ಮನೆಗೆ ಹೋಗುತ್ತಾನೋ ವೀಕ್ಷಣಾಲಯದಲ್ಲಿ ಉಳಿಯುತ್ತಾನೋ ಎಂಬುದು ಬಹುಮಟ್ಟಿಗೆ ನಿಂತಿರುತ್ತದೆ. ತರಗತಿಯಲ್ಲಿ ‘ಕೇಸ್‌ವರ್ಕ್’ ಎಂದು ಓದಿದ್ದರ ಪೂರ್ತಿ ಭಾರ ಇಲ್ಲಿ ಹೆಗಲ ಮೇಲೆ ಬೀಳುತ್ತದೆ.

ನಮೂನೆಗಳ ಸಂಖ್ಯೆಯನ್ನೂ ಕೇಳುತ್ತಾರೆ. 6: ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗುವಿನ ಸಾಮಾಜಿಕ ತನಿಖಾ ವರದಿ. 7: ವೈಯಕ್ತಿಕ ಪಾಲನಾ ಯೋಜನೆ. 17: ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸುವಾಗಿನ ವರದಿ. 22: ಪಾಲನೆ ಮತ್ತು ರಕ್ಷಣೆ ಅಗತ್ಯವಿರುವ ಮಗುವಿನ ಸಾಮಾಜಿಕ ತನಿಖಾ ವರದಿ.

1098: ಸಹಾಯವಾಣಿ

1996ರ ಜೂನ್‌ನಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಕ್ಷೇತ್ರಯೋಜನೆಯಾಗಿ ಹುಟ್ಟಿತು. ಹಿಂದಿದ್ದವರು ಜೆರೂ ಬಿಲಿಮೋರಿಯಾ. ಬೀದಿಯ ಮಕ್ಕಳು ರಾತ್ರಿ ಹೊತ್ತು ಕರೆ ಮಾಡಲು ಒಂದು ದಾರಿ ಬೇಕಿತ್ತು ಎಂಬುದೇ ಅದರ ಮೂಲ. 2023ರಿಂದ ಇದನ್ನು ಸರ್ಕಾರವೇ ವಹಿಸಿಕೊಂಡು, ತುರ್ತು ಸಂಖ್ಯೆ 112ರ ಜೊತೆ ಜೋಡಿಸಿದೆ. ಈಗ ಜಿಲ್ಲೆಯ ಸಹಾಯವಾಣಿ ಘಟಕ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಜೊತೆ ಸೇರಿಕೊಂಡಿದೆ. ಅಲ್ಲಿ ಯೋಜನಾ ಸಂಯೋಜಕರು, ಆಪ್ತಸಮಾಲೋಚಕರು, ಮೇಲ್ವಿಚಾರಕರು, ಕೇಸ್ ವರ್ಕರ್‌ಗಳು ಪಾಳಿಯಲ್ಲಿ ಕೆಲಸ ಮಾಡುತ್ತಾರೆ. ಹೊಸ ಪದವೀಧರರಿಗೆ ಇಷ್ಟು ಬೇಗ ಇಷ್ಟು ಬಗೆಯ ಪ್ರಕರಣ ಕಲಿಸುವ ಜಾಗ ಬೇರೆ ಇಲ್ಲ.

ಹಾದಿ ಮೂರು: ಬಾಲ ಮಂದಿರ, ವೀಕ್ಷಣಾಲಯ, ದತ್ತು ಕೇಂದ್ರ

ಬಾಲನ್ಯಾಯ ಕಾಯ್ದೆಯ ಪ್ರಕರಣಗಳು: ನೋಂದಣಿ 41, ತೆರೆದ ತಂಗುದಾಣ 43, ಪೋಷಕತ್ವ 44, ಪ್ರಾಯೋಜಕತ್ವ 45, ಅನುಪಾಲನೆ 46, ವೀಕ್ಷಣಾಲಯ 47, ವಿಶೇಷ ಗೃಹ 48, ಸುರಕ್ಷಿತ ಸ್ಥಳ 49, ಮಕ್ಕಳ ಗೃಹ 50, ವಿಶೇಷ ದತ್ತು ಸಂಸ್ಥೆ 65. ಕರ್ನಾಟಕದಲ್ಲಿ ಸರ್ಕಾರಿ ಮಕ್ಕಳ ಗೃಹವನ್ನು ಬಾಲ ಮಂದಿರ ಎನ್ನುವುದು ರೂಢಿ.

2016ರ ಮಾದರಿ ನಿಯಮಗಳಂತೆ 100 ಮಕ್ಕಳ ಸಂಸ್ಥೆಗೆ ಅಧೀಕ್ಷಕರು 1, ಮಕ್ಕಳ ಕಲ್ಯಾಣಾಧಿಕಾರಿ ಅಥವಾ ಪರಿವೀಕ್ಷಣಾಧಿಕಾರಿ 3, ಆಪ್ತಸಮಾಲೋಚಕರು 2, ಗೃಹಮಾತೆ ಅಥವಾ ಗೃಹಪಿತ 4, ಹೀಗೆ ಒಟ್ಟು 25 ಸಿಬ್ಬಂದಿ. ಮಿಷನ್ ವಾತ್ಸಲ್ಯದ ಸಂಭಾವನೆ ಅಧೀಕ್ಷಕರಿಗೆ ₹33,100, ಕಲ್ಯಾಣಾಧಿಕಾರಿಗೂ ಆಪ್ತಸಮಾಲೋಚಕರಿಗೂ ₹23,170, ಗೃಹಮಾತೆಗೆ ₹14,564.

ನೂರು ಮಕ್ಕಳಿಗೆ ನಾಲ್ವರು ಗೃಹಮಾತೆಯರು ಎಂದರೆ, ಪಾಳಿ ಮತ್ತು ರಜೆ ಕಳೆದು ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ ಎಂದು ಲೆಕ್ಕ ಹಾಕಿ. ಹೊಸದಾಗಿ ಬಂದ ಮಗು ಹಾಸಿಗೆಯಲ್ಲಿ ಮೂತ್ರ ಮಾಡಿಕೊಂಡು ನಾಚಿಕೆಯಿಂದ ಮೂಲೆಯಲ್ಲಿ ಕೂರುತ್ತದೆ. ಇನ್ನೊಂದು ಮಗು ಊಟದ ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡುತ್ತದೆ, ಏಕೆಂದರೆ ನಾಳೆ ಊಟ ಸಿಗುತ್ತದೆ ಎಂಬ ನಂಬಿಕೆ ಅದಕ್ಕಿನ್ನೂ ಬಂದಿಲ್ಲ. ಗದರದೆ ಬಟ್ಟೆ ಬದಲಿಸುವುದು, ಬಚ್ಚಿಟ್ಟದ್ದನ್ನು ಎಲ್ಲರೆದುರು ಎಳೆದು ತೋರಿಸದೆ ಇರುವುದು, ಇದು ಆಪ್ತಸಮಾಲೋಚಕರ ಕೋಣೆಯಲ್ಲಿ ವಾರಕ್ಕೊಮ್ಮೆ ನಡೆಯುವ ಮಾತಿಗಿಂತ ದೊಡ್ಡ ಚಿಕಿತ್ಸೆ. ಇಡೀ ವ್ಯವಸ್ಥೆಯಲ್ಲಿ ಮಗುವಿನ ಜೊತೆ ಅತಿ ಹೆಚ್ಚು ಹೊತ್ತು ಕಳೆಯುವವರಿಗೆ ಕಡಿಮೆ ಸಂಬಳ, ಕಡಿಮೆ ತರಬೇತಿ. ಇದು ತಪ್ಪು ಎಂದು ನೇರವಾಗಿ ಹೇಳಲೇಬೇಕು. ಪದವೀಧರರು ಈ ಹುದ್ದೆಯಿಂದ ದೂರ ಓಡುವುದಕ್ಕೂ ಇದೇ ಕಾರಣ. ಕೆನಡಾದಂಥ ದೇಶಗಳಲ್ಲಿ ಮಕ್ಕಳೊಡನೆ ದಿನನಿತ್ಯದ ಬದುಕಿನಲ್ಲಿ ಕೆಲಸ ಮಾಡುವುದಕ್ಕೇ ಪ್ರತ್ಯೇಕ ಪದವಿಯಿದೆ. ವಿಕ್ಟೋರಿಯಾ ವಿಶ್ವವಿದ್ಯಾಲಯದಲ್ಲಿ ಅದಕ್ಕೆಂದೇ ಒಂದು ವಿಭಾಗವಿದೆ. ನಮ್ಮಲ್ಲಿ ಈ ವಿದ್ಯೆ ಸಮಾಜಕಾರ್ಯದ ಒಂದು ಐಚ್ಛಿಕ ಪತ್ರಿಕೆಯೊಳಗೆ ಮುಗಿದುಹೋಗುತ್ತದೆ.

ದತ್ತು ವಿಭಾಗದಲ್ಲಿ ಸಮಾಜ ಕಾರ್ಯಕರ್ತರ ಮುಖ್ಯ ಕೆಲಸ ಗೃಹ ಅಧ್ಯಯನ ವರದಿ. 2022ರ ದತ್ತು ನಿಯಮಾವಳಿಯಂತೆ ಅದನ್ನು 60 ದಿನಗಳಲ್ಲಿ ಮುಗಿಸಬೇಕು; ವರದಿ 3 ವರ್ಷ ಊರ್ಜಿತ. ಮಗುವನ್ನು ಒಪ್ಪಿಸಿದ ತಂದೆ ತಾಯಿಗೆ ಮರುಯೋಚನೆಗೆ 60 ದಿನ ಕಾಲಾವಕಾಶವಿದೆ. ಪರಿತ್ಯಕ್ತ ಮಗುವನ್ನು ದತ್ತಿಗೆ ಕಾನೂನುಬದ್ಧವಾಗಿ ಮುಕ್ತವೆಂದು ಘೋಷಿಸಲು 2 ವರ್ಷದೊಳಗಿನ ಮಗುವಾದರೆ 2 ತಿಂಗಳು, ಮೇಲಿನವರಾದರೆ 4 ತಿಂಗಳು. ಪೋಷಕತ್ವದ 2024ರ ಪರಿಷ್ಕೃತ ಮಾರ್ಗಸೂಚಿಯಲ್ಲಿ 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳಿಗೂ ಅವಕಾಶ ಸಿಕ್ಕಿತು.

18 ತುಂಬಿ ಸಂಸ್ಥೆಯಿಂದ ಹೊರಬಿದ್ದ ಯುವಜನರಿಗೆ 46ನೇ ಪ್ರಕರಣದಂತೆ ಸಹಾಯ ಸಿಗಬೇಕು. ಸಾಮಾನ್ಯವಾಗಿ 21ರವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಪ್ರಾಯೋಜಕತ್ವ, ಪೋಷಕತ್ವ, ಅನುಪಾಲನೆ ಮೂರಕ್ಕೂ ಮಿಷನ್ ವಾತ್ಸಲ್ಯದ ಮಾಸಿಕ ನೆರವು ₹4,000.

ಏಳು ವರ್ಷದ ನಿಯಮ: ಸಮಿತಿ ಮತ್ತು ಮಂಡಳಿ

ವಸ್ತುನಿಷ್ಠ ಪ್ರಶ್ನೆಗಳು ಅತಿ ಹೆಚ್ಚು ಬರುವ ಭಾಗ.

ಬಾಲನ್ಯಾಯ ಮಂಡಳಿ (ಪ್ರಕರಣ 4): ಕನಿಷ್ಠ 3 ವರ್ಷ ಅನುಭವವಿರುವ ಪ್ರಧಾನ ಮ್ಯಾಜಿಸ್ಟ್ರೇಟ್ ಒಬ್ಬರು, ಸಮಾಜ ಕಾರ್ಯಕರ್ತ ಸದಸ್ಯರು ಇಬ್ಬರು. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಸದಸ್ಯರಾಗಲು ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣ ಕೆಲಸದಲ್ಲಿ ಕನಿಷ್ಠ 7 ವರ್ಷ ತೊಡಗಿರಬೇಕು. ಇಲ್ಲವೇ ಮಕ್ಕಳ ಮನೋವಿಜ್ಞಾನ, ಮನೋವೈದ್ಯ, ಸಮಾಜಶಾಸ್ತ್ರ ಅಥವಾ ಕಾನೂನು ಪದವಿಯುಳ್ಳ, ವೃತ್ತಿ ನಡೆಸುತ್ತಿರುವವರಾಗಿರಬೇಕು. ನೇಮಕವಾದ 60 ದಿನಗಳೊಳಗೆ ತರಬೇತಿ.

ಮಕ್ಕಳ ಕಲ್ಯಾಣ ಸಮಿತಿ (ಪ್ರಕರಣ 27): ಅಧ್ಯಕ್ಷರು ಮತ್ತು 4 ಸದಸ್ಯರು. ಕನಿಷ್ಠ ಒಬ್ಬರು ಮಹಿಳೆ, ಇನ್ನೊಬ್ಬರು ಮಕ್ಕಳ ವಿಷಯದ ತಜ್ಞರು. ಅವಧಿ ಗರಿಷ್ಠ 3 ವರ್ಷ. ತಿಂಗಳಿಗೆ ಕನಿಷ್ಠ 20 ದಿನ ಸಭೆ. ಮಗುವನ್ನು 24 ಗಂಟೆಯೊಳಗೆ ಹಾಜರುಪಡಿಸಬೇಕು (ಪ್ರಕರಣ 31). ಸಾಮಾಜಿಕ ತನಿಖೆ 15 ದಿನದಲ್ಲಿ, ಅಂತಿಮ ಆದೇಶ 4 ತಿಂಗಳೊಳಗೆ (ಪ್ರಕರಣ 36). ಸಮಿತಿಗೆ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರ ಅಧಿಕಾರವಿದೆ.

2021ರ ತಿದ್ದುಪಡಿ ಸಮಿತಿಯ ಸದಸ್ಯತ್ವಕ್ಕೆ ಪದವಿಯನ್ನು ಕಡ್ಡಾಯ ಮಾಡಿತು. ಮಕ್ಕಳ ಮನೋವಿಜ್ಞಾನ, ಮನೋವೈದ್ಯ, ಕಾನೂನು, ಸಮಾಜಕಾರ್ಯ, ಸಮಾಜಶಾಸ್ತ್ರ, ಮಾನವ ಆರೋಗ್ಯ, ಶಿಕ್ಷಣ, ಮಾನವ ಅಭಿವೃದ್ಧಿ, ವಿಶೇಷ ಶಿಕ್ಷಣ, ಇವುಗಳಲ್ಲೊಂದು ಬೇಕು. ಜೊತೆಗೆ 7 ವರ್ಷದ ಅನುಭವ ಬೇಕು, ಅಥವಾ ಆ ಪದವಿಯೊಡನೆ ವೃತ್ತಿ ನಡೆಸುತ್ತಿರಬೇಕು. ಜಿಲ್ಲೆಯಲ್ಲಿ ಮಕ್ಕಳ ಪಾಲನಾ ಸಂಸ್ಥೆಯೊಂದರ ಆಡಳಿತದಲ್ಲಿ ಇರುವವರು ಸದಸ್ಯರಾಗುವಂತಿಲ್ಲ. ಮಾದರಿ ನಿಯಮಗಳು ಸಮಿತಿ, ಮಂಡಳಿ ಎರಡಕ್ಕೂ ಕನಿಷ್ಠ ವಯಸ್ಸನ್ನು 35ಕ್ಕೆ ಗೊತ್ತುಮಾಡಿವೆ.

ಇಲ್ಲಿ ಒಂದು ಒಳವೈರುಧ್ಯವಿದೆ, ಪ್ರಬಂಧಕ್ಕೆ ಒಳ್ಳೆಯ ವಸ್ತು. ಮಗುವಿನ ಭವಿಷ್ಯ ನಿರ್ಧರಿಸುವ ಪೀಠಕ್ಕೆ ಏಳು ವರ್ಷ ಪಳಗಿದವರು ಬೇಕೆಂದು ಕಾನೂನು ಕೇಳುತ್ತದೆ. ಆ ಏಳು ವರ್ಷವನ್ನು ಎಲ್ಲಿ ಕಳೆಯಬೇಕು? ಮುಖ್ಯವಾಗಿ ಜಿಲ್ಲಾ ಘಟಕಗಳಲ್ಲಿ, ಬಾಲ ಮಂದಿರಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳಲ್ಲಿ. ಅಲ್ಲಿಯ ಹುದ್ದೆಗಳೋ ಗುತ್ತಿಗೆಯವು, ಸಂಬಳ ಮೇಲೆ ಕಂಡಷ್ಟೇ. ಏಣಿಯ ಕೆಳಗಿನ ಮೆಟ್ಟಿಲು ಅಲುಗಾಡುತ್ತಿದ್ದರೆ ಮೇಲಿನ ಮೆಟ್ಟಿಲಿಗೆ ಯೋಗ್ಯರು ಸಿಗುವುದು ಹೇಗೆ? ಮನೆಯಲ್ಲಿ ಬೇರೆ ಆದಾಯವಿರುವವರು ಮಾತ್ರ ಈ ಕ್ಷೇತ್ರದಲ್ಲಿ ಉಳಿಯುವಂತಾದರೆ, ಬಡತನವನ್ನು ಉಂಡುಬೆಳೆದು ಮಕ್ಕಳ ಸಂಕಟ ಬಲ್ಲವರೇ ಪೀಠದಿಂದ ಹೊರಗುಳಿಯುತ್ತಾರೆ. 2018ರ ಸಂಪೂರ್ಣಾ ಬೆಹುರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಂಡಳಿ, ಸಮಿತಿ, ಆಯೋಗಗಳ ಖಾಲಿ ಹುದ್ದೆಗಳನ್ನು ಬೇಗ ತುಂಬಬೇಕೆಂದು ಹೇಳಿತು. ಖಾಲಿ ಹುದ್ದೆ ತುಂಬುವುದು ಮೊದಲ ಹೆಜ್ಜೆ. ತುಂಬಿದವರನ್ನು ಉಳಿಸಿಕೊಳ್ಳಲು ಕಾಯಂ ನೇಮಕಾತಿ ಮತ್ತು ಬಡ್ತಿಯ ದಾರಿ ಬೇಕೇ ಬೇಕು.

ಆಯೋಗದ ಸದಸ್ಯತ್ವವೂ ಇದೇ ಹಾದಿಯ ಮುಂದುವರಿಕೆ. ಅಧ್ಯಕ್ಷರು ಮತ್ತು 6 ಸದಸ್ಯರು, ಅವರಲ್ಲಿ ಕನಿಷ್ಠ ಇಬ್ಬರು ಮಹಿಳೆಯರು. ಅವಧಿ 3 ವರ್ಷ.

ಮನೋವಿಜ್ಞಾನ, ಆರೋಗ್ಯ ಕ್ಷೇತ್ರದವರಿಗೆ

• 16ರಿಂದ 18 ವರ್ಷದವರ ಘೋರ ಅಪರಾಧ ಪ್ರಕರಣದಲ್ಲಿ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತದೆ (ಪ್ರಕರಣ 15), ಮೊದಲ ಹಾಜರಾತಿಯಿಂದ 3 ತಿಂಗಳೊಳಗೆ. 2022ರ ಬರುಣ್ ಚಂದ್ರ ಠಾಕೂರ್ ತೀರ್ಪಿನಂತೆ, ಮಂಡಳಿಯಲ್ಲಿ ಮಕ್ಕಳ ಮನೋವಿಜ್ಞಾನ ಅಥವಾ ಮನೋವೈದ್ಯ ಪದವಿಯ ವೃತ್ತಿನಿರತರು ಇಲ್ಲದಿದ್ದರೆ ತಜ್ಞರ ನೆರವು ಪಡೆಯುವುದು ಕಡ್ಡಾಯ. ಮನೋವಿಜ್ಞಾನ ಪದವೀಧರರಿಗೆ ಇದರಿಂದ ಜಿಲ್ಲಾ ಮಟ್ಟದಲ್ಲಿ ಹೊಸ ಕೆಲಸ ಹುಟ್ಟಿದೆ.

• ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯ ವಿಭಾಗವಿದೆ. ಸಂಕಷ್ಟದಲ್ಲಿರುವ ಮಕ್ಕಳಿಗಾಗಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಬೆಂಬಲದಿಂದ 2020ರಲ್ಲಿ ಅಲ್ಲಿ ‘ಸಂವಾದ್’ ಆರಂಭವಾಯಿತು. ಮಕ್ಕಳ ರಕ್ಷಣಾ ಸಿಬ್ಬಂದಿಗೆ ದೇಶದಾದ್ಯಂತ ತರಬೇತಿ ಕೊಡುವುದು ಅದರ ಮುಖ್ಯ ಕೆಲಸ.

• ಪುನರ್ವಸತಿ ಮಂಡಳಿ ಕಾಯ್ದೆ 1992ರದು. ವಿಶೇಷ ಶಿಕ್ಷಕರಿಗೆ ಈ ಮಂಡಳಿಯ ನೋಂದಣಿ ಬೇಕು. ಯುಜಿಸಿ ಎಂ.ಫಿಲ್ ನಿಲ್ಲಿಸಿದಾಗ ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025–26ರವರೆಗೆ ಪ್ರವೇಶ ಮುಂದುವರಿಸಿತ್ತು.

• ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರದು, 0–18 ವಯಸ್ಸಿನವರಿಗೆ. ಇದರಡಿಯ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಮನೋವಿಜ್ಞಾನಿ, ವಿಶೇಷ ಶಿಕ್ಷಕ, ಸಮಾಜ ಕಾರ್ಯಕರ್ತ ಹುದ್ದೆಗಳಿವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯ ಗುರುತಿಸುತ್ತದೆ.

ಪೊಲೀಸ್, ನ್ಯಾಯಾಲಯದ ಜೊತೆ

ಬಾಲನ್ಯಾಯ ಕಾಯ್ದೆಯ 107ನೇ ಪ್ರಕರಣದಂತೆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಎಎಸ್‌ಐಗಿಂತ ಕೆಳಗಿನ ದರ್ಜೆಯವರಾಗಿರಬಾರದು. ಜಿಲ್ಲೆಯ ವಿಶೇಷ ಪೊಲೀಸ್ ಘಟಕಕ್ಕೆ ಡಿವೈಎಸ್‌ಪಿ ದರ್ಜೆಗೆ ಕಡಿಮೆಯಿಲ್ಲದವರು ಮುಖ್ಯಸ್ಥರು. ಆ ಘಟಕದ ಇಬ್ಬರು ಸಮಾಜ ಕಾರ್ಯಕರ್ತರಲ್ಲಿ ಒಬ್ಬರು ಮಹಿಳೆ.

ಪೋಕ್ಸೊ ನಿಯಮಗಳು 2020ರಂತೆ ಮಕ್ಕಳ ಕಲ್ಯಾಣ ಸಮಿತಿ ಸಂತ್ರಸ್ತ ಮಗುವಿಗೆ ಸಹಾಯಕ ವ್ಯಕ್ತಿಯನ್ನು ಗೊತ್ತುಮಾಡಬಹುದು. ಹೇಳಿಕೆ, ವೈದ್ಯಕೀಯ ಪರೀಕ್ಷೆ, ವಿಚಾರಣೆ, ಪರಿಹಾರ, ಎಲ್ಲ ಹಂತದಲ್ಲೂ ಮಗುವಿನ ಪಕ್ಕದಲ್ಲಿ ನಿಲ್ಲುವವರು ಇವರು. ಎಂಎಸ್‌ಡಬ್ಲ್ಯು ಓದಿದವರಿಗೆ ಹೇಳಿಮಾಡಿಸಿದ ಕೆಲಸವಾದರೂ ಇದರ ಬಗ್ಗೆ ವಿದ್ಯಾರ್ಥಿಗಳಿಗೆ ಗೊತ್ತಿರುವುದು ಕಡಿಮೆ. ಅಪರಾಧದ ಮಾಹಿತಿ ನೀಡುವುದು ಎಲ್ಲರಿಗೂ ಕಡ್ಡಾಯ (ಪೋಕ್ಸೊ ಕಾಯ್ದೆ, ಪ್ರಕರಣ 19), ಕೊಡದಿದ್ದರೆ ಶಿಕ್ಷೆ (ಪ್ರಕರಣ 21). ಮಗುವಿನ ಗುರುತು ಬಹಿರಂಗಪಡಿಸುವುದು ಬಾಲನ್ಯಾಯ ಕಾಯ್ದೆಯ 74ನೇ ಪ್ರಕರಣದಂತೆ ಅಪರಾಧ. ಸಂದರ್ಶನದಲ್ಲಿ ಈ ಹಿಂದೆ ನೋಡಿಕೊಂಡ ಪ್ರಕರಣ ವಿವರಿಸುವಾಗಲೂ ಮಗುವಿನ ಹೆಸರು, ಊರು, ಶಾಲೆ ಹೇಳುವಂತಿಲ್ಲ.

ಯುವಜನರ ಜೊತೆಗಿನ ಕೆಲಸ

2014ರ ರಾಷ್ಟ್ರೀಯ ಯುವ ನೀತಿಯಲ್ಲಿ ಯುವಜನ ಎಂದರೆ 15–29 ವಯಸ್ಸು. ಅದೇ ವರ್ಷ ಜನವರಿ 7ರಂದು ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10–19ರವರಿಗೆ. ಕರ್ನಾಟಕದ ಸ್ನೇಹ ಕ್ಲಿನಿಕ್‌ಗಳು ಇದರ ಭಾಗ. ಅಲ್ಲಿ ಹದಿಹರೆಯದ ಆಪ್ತಸಮಾಲೋಚಕರು ಇರುತ್ತಾರೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ರೂಪಿಸಿದ ‘ಯುವ ಸ್ಪಂದನ’ದಲ್ಲಿ ಯುವ ಸಮಾಲೋಚಕರು, ಯುವ ಪರಿವರ್ತಕರು ಎಂಬ ಎರಡು ಬಗೆಯ ಕೆಲಸಗಾರರು ಜಿಲ್ಲೆಗಳಲ್ಲಿದ್ದಾರೆ. ನೆಹರು ಯುವ ಕೇಂದ್ರಗಳು 1972ರವು. ಮೇರಾ ಯುವ ಭಾರತ್ 2023ರ ಅಕ್ಟೋಬರ್ 31ರದು. ಶ್ರೀಪೆರುಂಬುದೂರಿನ ರಾಜೀವ್ ಗಾಂಧಿ ರಾಷ್ಟ್ರೀಯ ಯುವಜನ ಅಭಿವೃದ್ಧಿ ಸಂಸ್ಥೆ 1993ರಲ್ಲಿ ಸ್ಥಾಪನೆಯಾಯಿತು.

ಸ್ವಯಂಸೇವಾ ರಂಗದಲ್ಲಿ ಕರ್ನಾಟಕದ ಹೆಸರು ದೊಡ್ಡದು. ಬೆಂಗಳೂರಿನ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆಯ ಬೆಂಬಲದಲ್ಲಿ ದುಡಿಯುವ ಮಕ್ಕಳೇ 1990ರಲ್ಲಿ ಭೀಮ ಸಂಘ ಕಟ್ಟಿಕೊಂಡರು. ಮಕ್ಕಳ ಪಂಚಾಯಿತಿ, ಮಕ್ಕಳ ಗ್ರಾಮಸಭೆಗಳ ಚಿಂತನೆ ಬೆಳೆದದ್ದು ಇಂಥ ಪ್ರಯೋಗಗಳಿಂದ. ಬೀದಿಮಕ್ಕಳ ನಡುವೆ ಬೋಸ್ಕೊ, ಕೊಳೆಗೇರಿಗಳಲ್ಲಿ ಅಪ್ಸಾ ದಶಕಗಳಿಂದ ಕೆಲಸ ಮಾಡುತ್ತಿವೆ. ಏಳು ವರ್ಷದ ಅನುಭವಕ್ಕೆ ಇಲ್ಲಿಯ ಸೇವೆಯೂ ಲೆಕ್ಕಕ್ಕೆ ಬರುತ್ತದೆ.

ಎಲ್ಲಿ ಓದಬಹುದು

ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಮುಂಬಯಿ: 1936, ದೇಶದ ಮೊದಲ ಸಮಾಜಕಾರ್ಯ ಶಾಲೆ. ರೋಶನಿ ನಿಲಯ, ಮಂಗಳೂರು: 1960. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಮಕ್ಕಳು ಮತ್ತು ಕಾನೂನು ಕೇಂದ್ರವಿದೆ. ಸರ್ಕಾರಿ ಸಿಬ್ಬಂದಿ ತರಬೇತಿಯ ಕೇಂದ್ರ ಸಂಸ್ಥೆ 1966ರಲ್ಲಿ ಸ್ಥಾಪನೆಯಾದ ನಿಪ್ಸಿಡ್. ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. 2025ರಲ್ಲಿ ನಿಪ್ಸಿಡ್‌ಗೆ ಸಾವಿತ್ರಿಬಾಯಿ ಫುಲೆ ಅವರ ಹೆಸರಿಡಲಾಗಿದೆ, ಪ್ರಚಲಿತ ವಿದ್ಯಮಾನಕ್ಕೆ ಗುರುತು ಹಾಕಿಕೊಳ್ಳಿ. ಯುಜಿಸಿ-ನೆಟ್‌ನಲ್ಲಿ ಸಮಾಜಕಾರ್ಯದ ಸಂಕೇತ ಸಂಖ್ಯೆ 10, ಗೃಹವಿಜ್ಞಾನದ್ದು 12.

ಅರ್ಜಿ ಹಾಕುವವರಿಗೆ

ಜಿಲ್ಲಾ ಘಟಕದ ಗುತ್ತಿಗೆ ಹುದ್ದೆಗಳ ಪ್ರಕಟಣೆಯನ್ನು ಜಿಲ್ಲಾಡಳಿತದ ಜಾಲತಾಣದಲ್ಲೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಜಾಲತಾಣದಲ್ಲೂ ನೋಡುತ್ತಿರಿ. ಕನ್ನಡದಲ್ಲಿ ಸಾಮಾಜಿಕ ತನಿಖಾ ವರದಿ ಬರೆಯುವ ಅಭ್ಯಾಸ ಮಾಡಿಕೊಳ್ಳಿ. ವಿದ್ಯಾರ್ಥಿ ದೆಸೆಯ ಕ್ಷೇತ್ರಕಾರ್ಯದಲ್ಲೇ ನಾಲ್ಕಾರು ವರದಿ ಬರೆದವರಿಗೆ ಸಂದರ್ಶನದಲ್ಲಿ ಮಾತು ತಡವರಿಸುವುದಿಲ್ಲ. ಯಾವ ಸಂಸ್ಥೆಗೆ ಸೇರಿದರೂ ನೇಮಕಾತಿ ಪತ್ರ, ಕೆಲಸದ ವಿವರ, ಸೇರಿದ ಮತ್ತು ಬಿಟ್ಟ ದಿನಾಂಕವಿರುವ ಅನುಭವ ಪ್ರಮಾಣಪತ್ರ ಇವನ್ನು ಕೇಳಿ ಪಡೆದು ಜೋಪಾನವಾಗಿಡಿ. ಸಂಸ್ಥೆ ಮುಚ್ಚಿಹೋದ ಮೇಲೆ ಕೊಡುವವರು ಯಾರೂ ಇರುವುದಿಲ್ಲ. ಸಮಿತಿ, ಮಂಡಳಿಗಳಿಗೆ ಅರ್ಜಿ ಹಾಕುವ ದಿನ ನಿಮ್ಮ ದುಡಿಮೆಗೆ ಸಾಕ್ಷಿ ಹೇಳುವುದು ಆ ಕಾಗದಗಳೇ.